ಬಂಡೆಯ ಕೌದಿಗೆ ಒಂದು ತುತ್ತು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳಿಗೆ ಹೆಸರಿರಲಿಲ್ಲ, ಯಾವ ಕಡೆ ಹರಿಯಬೇಕೆಂದು ಹೊಳೆಗಳು ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು. ಆಗ ಒಂದು ಬೋಳು ಬಂಡೆ, ಬಂಡೆಯ ಬುಡದಲ್ಲಿ ಒಂದು ಗುಡಿಸಲು, ಗುಡಿಸಲಲ್ಲಿ ಸಂಕವ್ವ ಎಂಬ ಮುದುಕಿ.

ಸಂಕವ್ವನ ಕಸುಬು ಕೌದಿ ಹೊಲಿಯುವುದು. ತೇಪೆಗೆ ತೇಪೆ ಸೇರಿಸಿ ಹೊಲಿದ ಹೊದಿಕೆಯೇ ಕೌದಿ. ನೆಲಕ್ಕೆ ಹುಲ್ಲಿನ ಕೌದಿ, ಮರಕ್ಕೆ ತೊಗಟೆಯ ಕೌದಿ, ಕುರಿಗೆ ಉಣ್ಣೆಯ ಕೌದಿ, ಎಲ್ಲ ಅವಳೇ ಹೊಲಿದು ಕೊಟ್ಟದ್ದು. ಕೊಟ್ಟದ್ದರಲ್ಲಿ ಒಂದೂ ವಾಪಸು ಬಂದಿರಲಿಲ್ಲ. ಆ ಮಾತನ್ನು ಅವಳು ದಿನಕ್ಕೆ ಎರಡು ಸಲವಾದರೂ ಹೇಳುವವಳೇ, ಕೇಳುವವರು ಇರಲಿ, ಬಿಡಲಿ.

ಒಂದು ಬೆಳಗ್ಗೆ ಗುಡಿಸಲ ಮೇಲೆ ಠಪ್ಪೆಂದು ಕಲ್ಲಿನ ಚಕ್ಕೆ ಬಿತ್ತು.

"ಯಾರ ಅದು?"

"ನಾನಬೇ, ಬಂಡೆ. ಹಗಲು ಬಿಸಿಲಿಗೆ ಕಾಯ್ತೀನಿ, ರಾತ್ರಿ ಚಳಿಗೆ ನಡುಗ್ತೀನಿ, ಮೈ ಸೀಳಾಕತ್ತೈತಿ. ಎಲ್ಲಾರಿಗೂ ಹೊದಿಸಿದಿ, ನನಗ ಒಂದು ಕೌದಿ ಇಲ್ಲೇನು? ಹಿಂಗ ಬಿಟ್ಟಿ ಅಂದ್ರ ಮಳಿಗಾಲದಾಗ ಒಡದು ಬೀಳ್ತೀನಿ. ಕೆಳಗ ನೀನ ಇರ್ತಿ, ನೋಡು!"

ಸಂಕವ್ವ ತಲೆಯೆತ್ತಿದಳು. ಮೂರು ಬಿರುಕು. ಉದ್ದದ್ದು ಸರಿಯಾಗಿ ಅವಳ ಒಲೆಯ ಮೇಲೆ.

ಕೂತಳು ಹೊಲಿಯಲು. ಕೊಳೆತ ಮರದಡಿಯಿಂದ ಅಣಬೆಯ ಬಿಳಿ ಎಳೆಗಳನ್ನು ತಂದು ಒತ್ತೊತ್ತಾಗಿ ನೇಯ್ದಳು, ಹೊಲಿದಳು. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ರೊಟ್ಟಿಯ ತುತ್ತು ಇಡುವುದು ಪದ್ಧತಿ. ಸಂಕವ್ವ ರೊಟ್ಟಿ ಮುರಿದಳು. "ಕಲ್ಲು ಉಣ್ತೈತೇನು? ಇದಕ್ಯಾಕ ತುತ್ತು!" ಎಂದು ತಾನೇ ತಿಂದು, ಮೂಲೆ ಮುಚ್ಚಿ ಬಂಡೆಗೆ ಹೊದಿಸಿಬಿಟ್ಟಳು.

ಮೂರನೆಯ ದಿನ ಗಾಳಿ ಕೌದಿಯನ್ನು ಹೊತ್ತುತಂದು ಅಂಗಳದಲ್ಲಿ ಎಸೆಯಿತು. ಸುಟ್ಟ ಹಪ್ಪಳದ ಹಾಗೆ ಮುರುಟಿತ್ತು.

"ತಗೋ ನಿನ್ನ ಕೌದಿ," ಎಂದಿತು ಗಾಳಿ. "ವಾಪಸು ಬರೂದಿಲ್ಲ ಅಂತಿದ್ದಿಯಲ್ಲ?"

"ಹಸಿವು," ಎಂದಿತು ಕೌದಿ.

ಸಂಕವ್ವ ಹಣೆ ಬಡಿದುಕೊಂಡಳು. ಆ ತುತ್ತು ಹೊದ್ದವರಿಗಲ್ಲ, ಕೌದಿಗೆ! ತಾನೇ ಮಾಡಿದ ಪದ್ಧತಿ. ಈಗ ರೊಟ್ಟಿ ಇಟ್ಟರೆ? ಒಂದು ದಿನಕ್ಕೆ ಮುಗಿದೀತು. ಬಂಡೆಯ ಆಯುಷ್ಯಕ್ಕೆ ಎಷ್ಟು ರೊಟ್ಟಿ! ದೂರದಲ್ಲಿ ಗುಡುಗು ಬೇರೆ ಕೇಳಿತು.

ಬಂಡೆಯ ಕುಳಿಯಲ್ಲಿ ಒಂದು ಹನಿ ನೀರು, ಅದರಲ್ಲಿ ಒಂದಿಷ್ಟು ಹಸಿರು ಪಾಚಿ. ಬಿಸಿಲನ್ನೇ ಬೇಯಿಸಿ ಉಣ್ಣುವ ಜಾಣೆ. ಆದರೆ ನೀರು ಆರುತ್ತಾ ಬಂದು ಅವಳ ಜೀವ ಬಾಯಿಗೆ ಬಂದಿತ್ತು.

"ಕೌದಿಯೊಳಗ ಬರ್ತಿಯೇನವಾ?" ಎಂದಳು ಸಂಕವ್ವ.

"ಅದು ನನ್ನ ತಿಂದುಬಿಟ್ರ?"

"ತಿನ್ನಂಗಿಲ್ಲ," ಎಂದಿತು ಕೌದಿ. "ನೆರಳು ಕೊಡ್ತೀನಿ, ಮಂಜು ಹೀರಿ ನೀರು ಕೊಡ್ತೀನಿ. ನೀ ಬೇಯಿಸಿದ್ರಾಗ ಒಂದು ತುತ್ತು ಕೊಡು."

"ಮ್ಯಾಲಿನ ಪದರ ತೆಳ್ಳಗ ಇರ್ಲಿ. ಬಿಸಿಲು ಕಾಣಬೇಕು ನನಗ!"

"ಆಗ್ಲೇಳು, ತಾಯಿ," ಎಂದಿತು ಕೌದಿ.

ಸಂಕವ್ವ ಕೌದಿಯನ್ನು ಅಂಗಿ ಗುಂಡಿಯಷ್ಟಗಲದ ತೇಪೆಗಳಾಗಿ ಕತ್ತರಿಸಿ, ಒಂದೊಂದರಲ್ಲೂ ಚಿಟಿಕೆ ಪಾಚಿ ಇಟ್ಟು, ಬಂಡೆಯ ಮೈಗೇ ಹೊಲಿದಳು. ಮೊದಲ ತೇಪೆ ಒಲೆಯ ಮೇಲಿನ ಬಿರುಕಿಗೆ. ಕೊನೆಯದಕ್ಕೆ ಗಂಟು ಹಾಕುವಾಗ ಮಳೆ ಬಂತು, ಗಾಳಿಯೂ ಬಂತು. ಎಳೆಯಿತು, ಜಗ್ಗಿತು. ತೇಪೆ ಕದಲಲಿಲ್ಲ. ಬಂಡೆಯೂ ಕದಲಲಿಲ್ಲ. ಒಲೆಯ ಮೇಲೆ ಅಂಬಲಿ ಕುದಿಯಿತು.

"ಆದ್ರ ಕೌದಿ ಗಿಡ್ಡಾತಲ್ಲಬೇ," ಎಂದಿತು ಬಂಡೆ.

"ಒಂದು ತುತ್ತಿನಾಗ ಎಷ್ಟು ಬೆಳದೀತು? ವರ್ಷಕ್ಕೊಂದು ಹೊಲಿಗಿ. ನಿನಗೇನು ಅವಸರ?" ಎಂದಳು ಸಂಕವ್ವ.

ಅದಕ್ಕೇ ನೋಡು ಮಗು, ಬೋಳು ಬಂಡೆಯ ಮೇಲೆ ಬೂದಿ, ಅರಿಶಿನ ಬಣ್ಣದ ದುಂಡು ತೇಪೆಗಳು ಇಂದಿಗೂ ಅಂಟಿಕೊಂಡಿವೆ, ಉಗುರಿನಿಂದ ಕೆರೆದರೂ ಬಿಡುವುದಿಲ್ಲ. ಬೂದು ತೇಪೆಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸು, ಒಳಗೆ ಬಚ್ಚಿಟ್ಟ ತುತ್ತು ಹಸಿರಾಗಿ ಇಣುಕುತ್ತದೆ.