ಮಾತಾಡಿಸಿ ಬರುವುದು

"ಗುರುಗಳೇ, ನೊಂದ ಮನಸ್ಸಿಗೆ ಮೊಬೈಲಿನ ವಿಡಿಯೊ ಒಳ್ಳೆಯದೋ, ಬಲ್ಲವರು ಬರೆದ ಗ್ರಂಥ ಒಳ್ಳೆಯದೋ?" ಎಂದು ಮರುಳಸಿದ್ದ ಕೇಳಿದ. "ಭಾವ ತೀರಿಕೊಂಡ ಮೇಲೆ ನಮ್ಮಕ್ಕ ಬಾಯಿ ಬಿಡುತ್ತಿಲ್ಲ. ಇಷ್ಟು ದಿನ ಅವಳಿಗೆ ವಿಡಿಯೊ ಕಳಿಸುತ್ತಿದ್ದೆ. ಇನ್ನು ಪುಸ್ತಕ ಕಳಿಸಿ ನೋಡಲೇ?"

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬರು ಮೇಷ್ಟರಿದ್ದರು. ಗಂಡ ಹೆಂಡತಿಗೆ ಒಬ್ಬಳೇ ಮಗಳು. ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ. ಸಾವಾದ ಮನೆಗೆ ಹೋಗುವುದಕ್ಕೆ ನಮ್ಮಲ್ಲಿ 'ಮಾತಾಡಿಸಿ ಬರುವುದು' ಎನ್ನುತ್ತಾರಲ್ಲ, ಹಾಗೆ ಊರವರೆಲ್ಲ ಬಂದು ಮಾತಾಡಿಸಿ ಹೋದರು. ತಿಥಿ ಮುಗಿದ ಮೇಲೆ ಜನ ಬರುವುದು ನಿಂತಿತು. ಮನೆಯಲ್ಲಿ ಇಬ್ಬರೇ ಉಳಿದರು.

ಮೇಷ್ಟರು ಓದಿನವರು. ದುಃಖದ ಬಗ್ಗೆ ವಿದ್ವಾಂಸರು ಬರೆದದ್ದನ್ನೆಲ್ಲ ತರಿಸಿಕೊಂಡು, ಪೆನ್ಸಿಲಿನಿಂದ ಗೆರೆ ಎಳೆಯುತ್ತ ಓದಿದರು. ಹೆಂಡತಿ ಅಡುಗೆಮನೆಯಲ್ಲಿ ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟು, ಸಮಾಧಾನದ ಮಾತು ಹೇಳುವ ಒಬ್ಬಾತನ ವಿಡಿಯೊ ನೋಡುತ್ತಿದ್ದಳು. ಮೇಷ್ಟರಿಗೆ ಅದನ್ನು ಕಂಡರಾಗದು. "ಸಂತೆಯಲ್ಲಿ ಮಾರೋ ಔಷಧಿ ಅದು," ಎಂದು ಹಂಗಿಸುವರು. ಅವಳಿಗೋ ಅವರ ಪುಸ್ತಕ ಕಬ್ಬಿಣದ ಕಡಲೆ. ಎತ್ತು ಏರಿಗೆ, ಕೋಣ ನೀರಿಗೆ. ನಿಜವಾಗಿ ನೋಡಿದರೆ ವಿಡಿಯೊದವನೂ ವಿದ್ವಾಂಸರೂ ಹೇಳಿದ್ದು ಒಂದೇ: ದುಃಖವನ್ನು ಹಂಚಿಕೊಳ್ಳಬೇಕು. ಆ ಸಾಲಿನ ಕೆಳಗೂ ಮೇಷ್ಟರು ಗೆರೆ ಎಳೆದಿದ್ದರು.

ಒಂದು ಬೆಳಗ್ಗೆ ಅವರು ಕಾಫಿಯ ಲೋಟ ಇಡಲು ಅಡುಗೆಮನೆ ಬಾಗಿಲಿಗೆ ಬಂದರು. ವಿಡಿಯೊದವನು ಎಂದಿನ ಹಾಗೆ ಶುರು ಮಾಡಿದ್ದ.

"ನಮಸ್ಕಾರ, ಎಲ್ರೂ ಹೇಗಿದ್ದೀರಾ?"

"ಚೆನ್ನಾಗಿಲ್ಲ ಕಣಪ್ಪಾ," ಎಂದಳು ಹೆಂಡತಿ.

"ಚೆನ್ನಾಗಿದ್ದೀರಿ ಅಂದ್ಕೊಂಡಿದ್ದೀನಿ," ಎಂದು ಅವನು ಮುಂದುವರಿಸಿದ.

ಅವಳು ಹೂಂ ಎಂದು ತಲೆಯಾಡಿಸಿ ರೊಟ್ಟಿ ತಟ್ಟತೊಡಗಿದಳು.

ಮೇಷ್ಟರು ಲೋಟ ಹಿಡಿದುಕೊಂಡೇ ಬಾಗಿಲಲ್ಲಿ ನಿಂತರು. ಒಳಗೆ ಹೋಗಿ ಅವಳ ಪಕ್ಕದಲ್ಲಿ ಕೂತಿದ್ದರೆ ಸಾಕಿತ್ತು. ಆದರೆ ಕೂತು ಏನು ಹೇಳುವುದು? ಇಂಥ ಹೊತ್ತಿಗೆ ಗ್ರಂಥಗಳಲ್ಲಿ ಏನಿದೆಯೋ ನೋಡಿಕೊಂಡು, ಸರಿಯಾದ ಮಾತು ಸಿಕ್ಕಮೇಲೇ ಮಾತಾಡೋಣ ಎಂದುಕೊಂಡು ಕೋಣೆಗೆ ಹಿಂತಿರುಗಿದರು. ಹುಡುಕಿದ್ದೇ ಹುಡುಕಿದ್ದು. ಒಂದಕ್ಕಿಂತ ಒಂದು ಒಳ್ಳೆಯ ಮಾತು ಸಿಗುತ್ತ ಹೋಯಿತು. ಅಷ್ಟರಲ್ಲಿ ಅವಳಿಗೆ ಊಟ ಸೇರದಾಯಿತು. ಹಾಸಿಗೆ ಹಿಡಿದಳು. ಮೇಷ್ಟರು ಡಾಕ್ಟರನ್ನು ಕರೆಸಿದರು, ಔಷಧಿ ಕುಡಿಸಿದರು, ಕಾಲೊತ್ತಿದರು. ಮಗಳ ಸುದ್ದಿ ಮಾತ್ರ ಇಬ್ಬರೂ ಎತ್ತಲಿಲ್ಲ. ಮಗಳ ವರ್ಷದ ತಿಥಿಗೆ ಮೊದಲೇ ತಾಯಿಯೂ ಹೋಗಿಬಿಟ್ಟಳು.

ಊರವರು ಮತ್ತೆ ಮಾತಾಡಿಸಲು ಬಂದರು. ಪಕ್ಕದ ಮನೆಯ ಮುದುಕಿ ಮೇಷ್ಟರ ಎದುರಿಗೆ ಬಂದು ಕೂತು, "ಹೆಂಗಿದ್ದೀರಾ ಮೇಷ್ಟ್ರೇ?" ಎಂದಳು. ಎಂದು, ಉತ್ತರಕ್ಕೆ ಕಾದಳು. ಅಷ್ಟೆಲ್ಲ ಓದಿದವರು ಮಗುವಿನ ಹಾಗೆ ಗಟ್ಟಿಯಾಗಿ ಅತ್ತರು.

"ಈ ಒಂದು ಮಾತನ್ನ ಅವಳಿಗೆ ನಾನು ಕೇಳಲಿಲ್ಲವಲ್ಲಮ್ಮಾ," ಎಂದರು.

ಗುರುಗಳು ಕತೆ ಮುಗಿಸಿದರು. ಮರುಳಸಿದ್ದ ಕಣ್ಣೊರೆಸಿಕೊಂಡ. ಆದರೂ ಕೇಳಲು ಬಂದದ್ದನ್ನು ಅವನು ಬಿಟ್ಟಿರಲಿಲ್ಲ.

"ಹಾಗಾದರೆ ಗುರುಗಳೇ, ಅಕ್ಕನಿಗೆ ಯಾವುದನ್ನು ಕಳಿಸಲಿ?"

"ಎರಡೂ ಚೆನ್ನಾಗಿ ಮಾತಾಡುತ್ತವೆ, ಮರುಳಸಿದ್ದಾ. ಆದರೆ ಅವಳನ್ನು ಮಾತಾಡಿಸಿದವರು ಯಾರು?"