ದಿಮ್ಮಿಗೆ ಆಸೆಪಟ್ಟ ಕೆಂಚ

ಬಿದಿರು ದಟ್ಟವಾಗಿ ಬೆಳೆದಿದ್ದ ಒಂದು ಕಾಡಿಗೆ ಪ್ರತಿ ಬೇಸಿಗೆಯಲ್ಲೂ ಕಾಡ್ಗಿಚ್ಚು ಬರುತ್ತಿತ್ತು. ಮರಿಗಳನ್ನು ಕಾಪಾಡಲು ಪ್ರಾಣಿಗಳೆಲ್ಲ ಸೇರಿ ನೆಲದೊಳಗೆ ಆಳವಾದ ಮನೆಯೊಂದನ್ನು ಕಟ್ಟಲು ಹೊರಟವು. ಚಿಪ್ಪುಹಂದಿ ಚಿಪ್ಪಕ್ಕ ಹಳ್ಳ ತೋಡುತ್ತಿದ್ದಳು. ಮಣ್ಣಿನ ಗೋಡೆ ಒಳಕ್ಕೆ ಕುಸಿಯದಂತೆ ಮುದಿ ಆನೆ ಬೋರಜ್ಜಿ ಈ ಗೋಡೆಯಿಂದ ಆ ಗೋಡೆಗೆ ಮರದ ದಿಮ್ಮಿಗಳನ್ನು ಅಡ್ಡಲಾಗಿ ಕೊಟ್ಟು, ತುದಿಗೆ ಬೆಣೆ ಬಡಿಯುತ್ತಿದ್ದಳು.

ನರಿ ಕೆಂಚನ ಕಣ್ಣು ಆ ದಿಮ್ಮಿಗಳ ಮೇಲೆ ಬಿತ್ತು. ಒಂದು ಸಿಕ್ಕರೆ ತನ್ನ ಗುಹೆಯ ಬಾಗಿಲಿಗೆ ಎಷ್ಟು ಚೆನ್ನ!

“ಅಜ್ಜಿ, ಗೋಡೆ ಗಟ್ಟಿಯಾಗಿ ನಿಂತಿದೆಯಲ್ಲ. ಈ ದಿಮ್ಮಿಗಳು ಸುಮ್ಮನೆ ಅಡ್ಡ,” ಎಂದ.

“ಗೋಡೆ ನಿಂತಿರೋದೇ ಅವುಗಳಿಂದ ಕಣೋ. ತಳಕ್ಕೆ ಕಲ್ಲು ಹಾಸಿ, ಸುತ್ತ ಕಲ್ಲಿನ ಗೋಡೆ ಎದ್ದಮೇಲೆ ನಾನೇ ತೆಗೀತೀನಿ. ಅಲ್ಲೀವರೆಗೆ ಮುಟ್ಟಬೇಡ,” ಎಂದಳು ಬೋರಜ್ಜಿ.

ಕೆಂಚನಿಗೆ ತಾಳ್ಮೆಯೆಲ್ಲಿ? ಮಧ್ಯಾಹ್ನ ಉಳಿದವರೆಲ್ಲ ಮಲಗಿದ್ದಾಗ, “ಅಜ್ಜಿ, ಹೊಳೆದಂಡೆಯಲ್ಲಿ ಬೇಲದ ಹಣ್ಣು ರಾಶಿ ಬಿದ್ದಿದೆ,” ಎಂದು ಸುಳ್ಳು ಹೇಳಿ ಅವಳನ್ನು ಸಾಗಹಾಕಿದ. ದಿಮ್ಮಿಯ ಮೇಲೆ ನಿಂತು ಬೆಣೆಯನ್ನು ಕಚ್ಚಿ ಅಲ್ಲಾಡಿಸಿದ. ಬೆಣೆ ಕಿತ್ತು ಬಂತು. ದಿಮ್ಮಿ ಜಾರಿತು. ಅದರ ಜೊತೆಗೇ ಕೆಂಚನೂ ಹಳ್ಳಕ್ಕೆ ಬಿದ್ದ. ಗೋಡೆಯ ಮಣ್ಣು ಧಪ್ಪನೆ ಕುಸಿದು ಅವನನ್ನು ಕುತ್ತಿಗೆಯವರೆಗೆ ಮುಚ್ಚಿತು.

ತಳದ ತಂಪಿನಲ್ಲಿ ಮಲಗಿದ್ದ ಚಿಪ್ಪಕ್ಕ ಬೆಚ್ಚಿ ಎದ್ದಳು. ಉಳಿದ ಗೋಡೆಯೂ ಬಿರುಕು ಬಿಡುತ್ತಿತ್ತು. ಅವಳು ಓಡಿಹೋಗಬಹುದಿತ್ತು. ಹೋಗಲಿಲ್ಲ. “ಹೆದರಬೇಡ, ಅಲುಗಾಡಬೇಡ,” ಎನ್ನುತ್ತ ಅವನ ಸುತ್ತಲಿನ ಮಣ್ಣು ಕೆರೆಯತೊಡಗಿದಳು.

ಹಣ್ಣು ಸಿಗದೆ ಸಿಡುಕುತ್ತ ಮರಳಿದ ಬೋರಜ್ಜಿ ಹಳ್ಳಕ್ಕೆ ಇಣುಕಿದಳು.

“ಅಜ್ಜೀ, ಬೇಗ ನನ್ನನ್ನು ಎಳಿ!” ಕೆಂಚ ಊಳಿಟ್ಟ.

“ಮೊದಲು ದಿಮ್ಮಿ, ಆಮೇಲೆ ನೀನು! ಗೋಡೆ ಬಿದ್ದರೆ ಇಬ್ಬರೂ ಹೋಗ್ತೀರಿ!”

ಅವಳು ಇನ್ನೊಂದು ದಿಮ್ಮಿ ತಂದು ಅಡ್ಡ ಕೊಟ್ಟು ಬೆಣೆ ಬಡಿದಳು. ಬಿರುಕು ನಿಂತಿತು. ಆಮೇಲೆ ಸೊಂಡಿಲು ಚಾಚಿ ಇಬ್ಬರನ್ನೂ ಮೇಲೆತ್ತಿದಳು. ಕೆಂಚನ ಬಾಲದ ಕೂದಲು ಅರ್ಧ ಮಣ್ಣಿನಲ್ಲೇ ಉಳಿಯಿತು.

“ನೀನು ಕೆಳಗಿದ್ದದ್ದು ಗೊತ್ತಿರಲಿಲ್ಲ ಅಕ್ಕ,” ಎಂದ ತಲೆ ತಗ್ಗಿಸಿ.

“ನೋಡಲೂ ಇಲ್ಲವಲ್ಲೋ,” ಎಂದಳು ಚಿಪ್ಪಕ್ಕ, ಅವನ ಕಿವಿಯೊಳಗಿನ ಮಣ್ಣು ತೆಗೆಯುತ್ತ.

ಅಂದಿನಿಂದ ಕೆಂಚನೂ ಕಲ್ಲು ಹೊತ್ತ. ತಳಕ್ಕೆ ಕಲ್ಲು ಹಾಸಿದ್ದಾಯಿತು, ಕಲ್ಲಿನ ಗೋಡೆ ಎದ್ದಿತು. ಬೋರಜ್ಜಿ ದಿಮ್ಮಿ ತೆಗೆಯಲು ಸೊಂಡಿಲು ಚಾಚಿದಳು.

“ಬೇಡ ಅಜ್ಜೀ!” ಎಂದು ಕಿರುಚಿದ ಕೆಂಚ, ಓಡಿಹೋಗಿ ಚಿಪ್ಪಕ್ಕನ ಮೇಲೆ ಮಣ್ಣು ಬೀಳದಂತೆ ಅವಳಿಗೆ ಅಡ್ಡ ನಿಂತುಬಿಟ್ಟ.

ದಿಮ್ಮಿ ಹೊರಬಂತು. ಗೋಡೆ ಕದಲಲಿಲ್ಲ. ಪ್ರಾಣಿಗಳೆಲ್ಲ ಬಿದ್ದು ಬಿದ್ದು ನಕ್ಕವು. ಚಿಪ್ಪಕ್ಕ ಮಾತ್ರ ನಗದೆ ಅವನ ಬೆನ್ನು ಸವರಿದಳು.

ನೀತಿ: ಕೆಲಸ ಮುಗಿಯುವ ಮುನ್ನ ಆಸರೆಯನ್ನು ಕಿತ್ತುಕೊಂಡವನು ತಾನೂ ಬೀಳುತ್ತಾನೆ, ಇತರರ ಜೀವಕ್ಕೂ ಕುತ್ತು ತರುತ್ತಾನೆ.