ಅರ್ಧ ಮಾತ್ರೆ

ಹೊಳೆದಂಡೆಯ ಆಶ್ರಮದಲ್ಲಿ ಒಬ್ಬ ಗುರುಗಳಿದ್ದರು. ಊರವರೆಲ್ಲ ಅವರನ್ನು ಅಜ್ಜಯ್ಯ ಅನ್ನುತ್ತಿದ್ದರು.

ಅವರ ಶಿಷ್ಯೆ ಜಯಶೀಲಮ್ಮ, ಪಕ್ಕದ ಊರಿನ ನರ್ಸಿಂಗ್ ಹೋಮಿನಲ್ಲಿ ಇಪ್ಪತ್ತಾರು ವರ್ಷದಿಂದ ನರ್ಸು. ಅವಳು ಸೂಜಿ ಚುಚ್ಚಿದರೆ ಹಸುಗೂಸೂ ಅಳುತ್ತಿರಲಿಲ್ಲ. ಡ್ಯೂಟಿ ಮುಗಿದ ಮೇಲೆ ಬಡವರ ಮನೆ ಹುಡುಕಿಕೊಂಡು ಹೋಗಿ ಗಾಯ ತೊಳೆದು ಬರುತ್ತಿದ್ದಳು. ಒಂದು ಲೋಟ ಕಾಫಿ ಕೊಟ್ಟರೂ ಮುಟ್ಟುತ್ತಿರಲಿಲ್ಲ. ಅಂಥ ಹೆಂಗಸು!

ಮೂರು ವರ್ಷದ ಹಿಂದೆ ಅವಳದೇ ಕಿಡ್ನಿ ಕೆಟ್ಟಿತು. ಜೀವ ಇರುವತನಕ ಮಾತ್ರೆ ನುಂಗಬೇಕು ಎಂದರು ಡಾಕ್ಟರು. ನಿಂತು ಕೆಲಸ ಮಾಡಲು ಆಗದೆ ಡ್ಯೂಟಿ ಕಮ್ಮಿಯಾಯಿತು, ಸಂಬಳವೂ ಅರ್ಧವಾಯಿತು. ಮಾತ್ರೆಯ ಬೆಲೆ ಮಾತ್ರ ಏರುತ್ತಲೇ ಹೋಯಿತು. ಇದನ್ನು ಅವಳು ಯಾರಿಗೂ ಹೇಳಲಿಲ್ಲ.

ಹೋದ ವರ್ಷ ಅಜ್ಜಯ್ಯನವರ ಪಾದದಲ್ಲಿ ಹುಣ್ಣಾಗಿತ್ತು. ಅವರು ಅದನ್ನು ಶಾಲಿನಲ್ಲಿ ಮುಚ್ಚಿಕೊಂಡು ಕೂರುತ್ತಿದ್ದರು. ವಾಸನೆಯಿಂದಲೇ ಪತ್ತೆ ಹಚ್ಚಿದವಳು ಜಯಶೀಲಮ್ಮ.

"ಕಾಲು ಕೊಡಿ ಅಜ್ಜಯ್ಯ."

"ಏನೂ ಆಗಿಲ್ಲ ಬಿಡಮ್ಮ."

"ನರ್ಸಿನ ಹತ್ರ ಎಂಥ ನಾಚಿಕೆ? ಕೊಡಿ ಅಂದ್ರೆ ಕೊಡಿ."

ಊರೇ ಅಡ್ಡಬೀಳುವ ಪಾದವನ್ನು ಮಡಿಲಲ್ಲಿಟ್ಟುಕೊಂಡು ಕೀವು ತೊಳೆದಳು. ಅಂದಿನಿಂದ ಪ್ರತಿ ಭಾನುವಾರ ಡ್ರೆಸ್ಸಿಂಗ್ ಡಬ್ಬಿ ಹಿಡಿದು ಬರುತ್ತಾಳೆ.

ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಜ್ಜಯ್ಯ ಕಣ್ಣು ಅರೆಮುಚ್ಚಿ ಕೂತಿದ್ದರು. ಜಯಶೀಲಮ್ಮ ಕೊಂಚ ಪಕ್ಕಕ್ಕೆ ತಿರುಗಿ ಒಂದು ಮಾತ್ರೆ ತೆಗೆದಳು. ಉಗುರಿನಿಂದ ಎರಡು ಹೋಳು ಮಾಡಿದಳು. ಒಂದನ್ನು ನುಂಗಿ, ಇನ್ನೊಂದನ್ನು ಕಾಗದದಲ್ಲಿ ಸುತ್ತಿಟ್ಟಳು.

ಹೀಗೆ ಮಾಡುವ ರೋಗಿಗಳಿಗೆ ಅವಳೇ ಎಷ್ಟು ಸಲ ಮುಖಕ್ಕೆ ಮಂಗಳಾರತಿ ಎತ್ತಿದ್ದಳೋ ಲೆಕ್ಕವಿಲ್ಲ.

ಆಮೇಲೆ ಅಜ್ಜಯ್ಯನವರ ಹುಣ್ಣು ತೊಳೆದು, ಮುಲಾಮು ಹಚ್ಚಿ, ಬಟ್ಟೆ ಸುತ್ತತೊಡಗಿದಳು.

"ಸಾಕು," ಎಂದು ಅಜ್ಜಯ್ಯ ಕಾಲು ಹಿಂದಕ್ಕೆಳೆದುಕೊಂಡರು.

"ಇನ್ನೂ ಅರ್ಧ ಹುಣ್ಣು ಹಾಗೇ ಇದೆ!"

"ಇರಲಿ. ಉಳಿದ ಬಟ್ಟೆ ಮುಂದಿನ ವಾರಕ್ಕಾಗುತ್ತೆ."

ಜಯಶೀಲಮ್ಮನಿಗೆ ರೇಗಿಹೋಯಿತು. "ಅರ್ಧ ಕಟ್ಟಿದ್ರೆ ಕಟ್ಟದೇ ಇದ್ದ ಹಾಗೇ. ಕಾಲೇ ಹೋಗುತ್ತೆ ಅಜ್ಜಯ್ಯ! ಇಂಥ ಉಳಿತಾಯ ಯಾರು ಹೇಳಿಕೊಟ್ರು ನಿಮಗೆ?"

"ಈಗ ತಾನೇ ನಿನ್ನನ್ನು ನೋಡಿ ಕಲಿತೆ."

ಅವಳ ಕೈ ನಿಂತಿತು. ಅರ್ಧ ಮಾತ್ರೆಯ ಪೊಟ್ಟಣ ತೆಗೆದು ನೆಲದ ಮೇಲಿಟ್ಟಳು.

"ಇಡೀ ಮಾತ್ರೆ ನುಂಗಿದ್ರೆ ತಿಂಗಳ ನಡುವೆಯೇ ಮುಗಿದುಹೋಗುತ್ತೆ," ಎಂದಳು. "ಆಮೇಲೇನು ಮಾಡ್ಲಿ?"

"ಅರ್ಧ ನುಂಗಿದರೆ ಏನಾಗುತ್ತೆ ಅಂತ ನಿನಗೆ ಗೊತ್ತಿಲ್ಲವಾ?"

"ಗೊತ್ತು. ಇನ್ನೊಂದೆರಡು ವರ್ಷ, ಅಷ್ಟೇ."

"ನೀನು ಬದುಕಿಸಿದವರು ಊರ ತುಂಬ ಇದ್ದಾರೆ. ಒಂದು ಮಾತು ಹೇಳಿದರೆ ಇಲ್ಲ ಅಂತಾರಾ?"

"ಇಲ್ಲ ಅನ್ನಲ್ಲ. ಅದಕ್ಕೇ ಹೇಳೋಕಾಗಲ್ಲ. ಮಾಡಿದ ಕೆಲಸಕ್ಕೆ ಈಗ ಕೂಲಿ ಕೇಳಿದ ಹಾಗಾಗುತ್ತೆ." ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಇಷ್ಟು ವರ್ಷ ಕೊಟ್ಟೇ ಅಭ್ಯಾಸ ಈ ಕೈಗೆ. ನಾಚಿಕೆಯಾಗುತ್ತೆ ಅಜ್ಜಯ್ಯ."

ಅಜ್ಜಯ್ಯ ಆ ಪೊಟ್ಟಣವನ್ನೂ ನೀರಿನ ತಂಬಿಗೆಯನ್ನೂ ಅವಳ ಕಡೆ ಸರಿಸಿದರು. ಅರ್ಧ ಕಟ್ಟಿದ ಕಾಲನ್ನು ಎತ್ತಿ ಮತ್ತೆ ಅವಳ ಮಡಿಲಲ್ಲಿಟ್ಟರು.

"ನೀನು ಈ ಕಾಲು ಕೇಳಿದ ದಿನ ನನಗೂ ನಾಚಿಕೆಯಾಗಿತ್ತು ಕಣಮ್ಮ. ಆದರೂ ಕೊಟ್ಟೆ."